ಮೂವತ್ತು ಉಸಿರು

ನಿಪ್ಪಾಣಿ
೧೨ ಅಕ್ಟೋಬರ್ ೨೦೦೩

ಅಪ್ಪಾ,

ಮೊನ್ನೆ ಫೋನಿನಲ್ಲಿ ಎಲ್ಲ ಆರಾಮ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಎಸ್‌ಟಿಡಿ ಅಂಗಡಿಯಲ್ಲಿ ಬೆನ್ನ ಹಿಂದೆ ನಾಲ್ಕು ಜನ ಸಾಲು ನಿಂತಿರುವಾಗ ಮನಸ್ಸಿನ ಮಾತು ಬಾಯಿಗೆ ಬರುವುದಿಲ್ಲ. ಅದಕ್ಕೇ ಕಾಗದ. ಹಾಸ್ಟೆಲಿನ ಊಟ ಸಪ್ಪೆ, ಉಳಿದದ್ದೆಲ್ಲ ಚೆನ್ನಾಗಿದೆ ಎಂದು ಅವ್ವನಿಗೆ ಹೇಳು.

ನರ್ಸಿಂಗ್ ಕಲಿಯುವುದೆಂದರೆ ಸೂಜಿ ಚುಚ್ಚುವುದು, ಪಟ್ಟಿ ಕಟ್ಟುವುದು ಎಂದುಕೊಂಡು ಬಂದವಳು ನಾನು. ಗುರುವಾರ ಏನಾಯಿತು ಕೇಳು. ನಮಗೆ ಶರೀರದ ಪಾಠ ಹೇಳುವ ಮಹಾವೀರ ಸರ್ ಒಂದು ಸ್ಟೀಲ್ ಬಕೆಟ್ ಹಿಡಿದು ಬಂದರು. ಒಳಗೆ ಆಡಿನ ಶ್ವಾಸಕೋಶ. ಕಂದು ಬಣ್ಣಕ್ಕೆ ತಿರುಗಿ, ಹಿಂಡಿ ಇಟ್ಟ ಬಟ್ಟೆಯ ಹಾಗೆ ಮುದ್ದೆಯಾಗಿತ್ತು. ಹುಡುಗಿಯರೆಲ್ಲ ಸೆರಗು, ಓಢಣಿ ಮೂಗಿಗೆ ಹಿಡಿದರು. ಸರ್ ಅದನ್ನು ತಟ್ಟೆಯಲ್ಲಿಟ್ಟು, ಅದರ ಗಾಳಿಕೊಳವೆಗೆ ರಬ್ಬರ್ ನಳಿಗೆ ಸಿಕ್ಕಿಸಿ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಬಿಟ್ಟರು. ಅಪ್ಪಾ, ಅದು ಎದ್ದಿತು. ಮುದ್ದೆ ಬಿಚ್ಚಿ ಉಬ್ಬಿ, ತಿಳಿಗುಲಾಬಿ ಬಣ್ಣಕ್ಕೆ ತಿರುಗಿ, ತಟ್ಟೆಯ ಆಚೆ ಈಚೆ ಚಾಚಿಕೊಂಡಿತು. ಮೂಗಿಗೆ ಹಿಡಿದ ಕೈಗಳೆಲ್ಲ ಯಾವಾಗ ಕೆಳಗಿಳಿದವೋ ಯಾರಿಗೂ ಗೊತ್ತಾಗಲಿಲ್ಲ.

ನಮ್ಮ ಎದೆಯೊಳಗೆ ಅಂಥ ಮೂವತ್ತು ಕೋಟಿ ಗಾಳಿಯ ಗುಳ್ಳೆಗಳಿವೆಯಂತೆ. ಕೊಯ್ದು ಹಾಸಿದರೆ ನಮ್ಮ ಮನೆ, ಅಂಗಳ, ದನದ ಕೊಟ್ಟಿಗೆ ಎಲ್ಲ ಮುಚ್ಚಿಹೋಗುತ್ತದೆ. ಅಷ್ಟನ್ನೂ ಮಡಚಿ ಒಂದು ಗೂಡಿನಲ್ಲಿಟ್ಟುಕೊಂಡು ನಾವು ಬಸ್ಸಿಗೆ ಓಡುತ್ತೇವೆ, ಜಗಳ ಆಡುತ್ತೇವೆ.

ನಾನು ಸುಮ್ಮನಿರಲಾರದೆ ಎದ್ದು ನಿಂತು ಹೇಳಿದೆ: ನಮ್ಮ ಅಪ್ಪ ಸತ್ತಿಯಲ್ಲಿ ಕೃಷ್ಣಾ ದಂಡೆಯ ಪಂಪ್‌ಮನೆಯ ಆಪರೇಟರ್, ಕಬ್ಬಿಗೆ ನೀರೆತ್ತುವ ಪೈಪಿನ ಬಾಯಿಗೆ ಹೂಳು, ಜೊಂಡು ಕಟ್ಟಿದರೆ ಮುಳುಗಿ ಬಿಡಿಸುತ್ತಾನೆ, ಎರಡು ನಿಮಿಷ ಮೇಲೆ ಬರುವುದಿಲ್ಲ ಎಂದು. ಯಾರೂ ನಂಬಲಿಲ್ಲ. ಸರ್ ಮಾತ್ರ ನಂಬಿದರು. "ಅವರು ಹೆಂಗ ಮಾಡ್ತಾರ, ಕೇಳಿ ಬರಸಿಕೋ," ಎಂದರು. ಬರೆಯುತ್ತೀಯಾ?

ನಿನ್ನ ಮಗಳು,
ನೀಲಮ

*

ಸತ್ತಿ
೨ ನವೆಂಬರ್ ೨೦೦೩

ನೀಲವ್ವಾ,

ನಿನ್ನ ಕಾಗದವನ್ನು ಅವ್ವನಿಗೆ ಎರಡು ಸಲ ಓದಿ ಹೇಳಿದೆ. ಆಡಿನ ವಿಷಯ ಬಂದಾಗ ಅವಳು ಎದೆಯ ಮೇಲೆ ಕೈ ಇಟ್ಟುಕೊಂಡು ಕುಳಿತಳು.

ಮಳೆಗಾಲದ ಹೊಳೆ ಇಳಿದು ನೀರು ತಿಳಿಯಾಗುತ್ತಿದೆ. ಪೈಪಿನ ಬಾಯಿಗೆ ಹಾಕಿದ ತಂತಿ ಜಾಳಿಗೆಗೆ ಮೊಣಕಾಲುದ್ದ ಹೂಳು. ನಾಲ್ಕು ದಿನ ಸತತ ಮುಳುಗಿದೆ. ಮೂರಾಳು ನೀರು, ಕೆಳಗೆ ಹೋದರೆ ಕೈ ಕಾಣುವುದಿಲ್ಲ, ಬೆರಳಿನಿಂದಲೇ ನೋಡಬೇಕು.

ಉಸಿರಿನ ಬಗ್ಗೆ ನಾನು ಕಂಡದ್ದನ್ನು ಬರೆಯುತ್ತೇನೆ. ಬೇಸಿಗೆಯಲ್ಲಿ ಹೊಳೆ ಹರಿಯುವುದು ನಿಂತು ಮಡುವು ಉಳಿದಾಗ, ಸೂರ್ಯ ಹುಟ್ಟುವ ಹೊತ್ತಿಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತವೆ. ಬಿಸಿಲು ಏರಿ ಪಾಚಿ ಹಸಿರಾದ ಮೇಲೆ ಕೆಳಗೆ ಹೋಗುತ್ತವೆ. ಆಮೆ ಹಾಗಲ್ಲ, ಅದಕ್ಕೆ ನಮ್ಮ ಹಾಗೆ ಮೇಲಿನ ಗಾಳಿಯೇ ಬೇಕು. ಮೂಗಿನ ತುದಿ ಮಾತ್ರ ಹೊರಗಿಟ್ಟು ಒಂದು ಗುಟುಕು ತೆಗೆದುಕೊಂಡು ಮುಳುಗುತ್ತದೆ. ಎಲ್ಲರಿಗೂ ಬೇಕು. ಹೊಳೆಯೊಳಗಿದ್ದವರಿಗೂ ಬೇಕು. ಇದು ನಿನ್ನ ಪುಸ್ತಕದಲ್ಲಿ ಇದೆಯೇ?

ನಾನು ಹೇಗೆ ಮುಳುಗುತ್ತೇನೆಂದು ಬರೆಯುವುದು ಕಷ್ಟ. ಮಾಡಿ ತೋರಿಸುವ ಕೆಲಸ ಅದು. ನಿನ್ನ ಬಾಳು ಕಾಕಾ ಇದ್ದಾಗ ನಾವು ಅಣ್ಣ ತಮ್ಮ ಒಂದೇ ದಿನಕ್ಕೆ ಮುಗಿಸುತ್ತಿದ್ದೆವು. ಮೊನ್ನೆ ದೀಪಾವಳಿಗೆ ಅವನು ಅದೇ ನೀರಿನಲ್ಲಿ ಹೋಗಿ ಹನ್ನೆರಡು ವರ್ಷವಾಯಿತು.

ಚಳಿ ಬೀಳುತ್ತಿದೆ. ಸ್ವೆಟರ್ ಕಳಿಸುತ್ತೇವೆ.

ದುಂಡೇಶ

*

ನಿಪ್ಪಾಣಿ
೧೬ ನವೆಂಬರ್ ೨೦೦೩

ಅಪ್ಪಾ,

ನಿನ್ನ ಮೀನಿನ ಮಾತು ಸರಿಯಂತೆ. ಪಾಚಿಗೆ ಬಿಸಿಲಿರುವಾಗ ಮಾತ್ರ ಆಮ್ಲಜನಕ ಕೊಡಲು ಬರುತ್ತದೆ, ಕತ್ತಲಲ್ಲಿ ಅದೂ ಮೀನಿನ ಜೊತೆ ಉಸಿರಾಡುತ್ತ ಇರುವುದನ್ನು ಖಾಲಿ ಮಾಡುತ್ತದೆ. ಬೆಳಗಿನ ಹೊತ್ತಿಗೆ ಮಡುವಿನಲ್ಲಿ ಉಳಿಯುವುದೇ ಕಡಿಮೆ. ಸರ್ ನಿನ್ನ ಕಾಗದವನ್ನು ಇಡೀ ತರಗತಿಗೆ ಓದಿ ತೋರಿಸಿದರು. ನಾನು ತಲೆ ತಗ್ಗಿಸಿ ಕುಳಿತಿದ್ದೆ, ಆದರೆ ಖುಷಿಯಾಯಿತು.

ಮನೆಯಲ್ಲಿ ಮೊಳಕೆ ಬರಿಸುತ್ತೀರಲ್ಲ, ನೆನೆಸಿದ ಹೆಸರುಕಾಳು? ಅದನ್ನು ಥರ್ಮಾಸಿನಲ್ಲಿ ಹಾಕಿ ಥರ್ಮಾಮೀಟರ್ ಇಟ್ಟೆವು. ಮರುದಿನಕ್ಕೆ ಕಾಳು ಬೆಚ್ಚಗಾಗಿತ್ತು. ಒಲೆಯಿಲ್ಲ, ಬಿಸಿಲಿಲ್ಲ. ಕಾಳೂ ಉಸಿರಾಡುತ್ತದೆ, ಉಸಿರಾಡಿದ್ದರಿಂದಲೇ ಬಿಸಿ. ನಾವು ಉಂಡ ಅನ್ನದ ಸಕ್ಕರೆಯನ್ನು ಮೈಯ ಕಣಕಣವೂ ಹೀಗೆಯೇ ಉರಿಯಿಲ್ಲದೆ ಸುಡುತ್ತದೆ. ಮೈ ಬೆಚ್ಚಗಿರುವುದು, ಕಣ್ಣು ಮಿಟುಕುವುದು, ನಾನು ಈ ಅಕ್ಷರ ಬರೆಯುವುದು, ಎಲ್ಲ ಅದರಿಂದಲೇ.

ಇನ್ನೊಂದು ಕೇಳು. ಒಳಗೆಳೆದ ಆಮ್ಲಜನಕ ಕೊನೆಗೆ ಏನಾಗುತ್ತದೆ ಎಂದು ಸರ್ ಕೇಳಿದರು. ಹೊಗೆಯಾಗಿ ಹೊರಗೆ ಹೋಗುತ್ತದೆ ಎಂದೆವು. ಅಲ್ಲವಂತೆ. ಹೊರಗೆ ಹೋಗುವ ಇಂಗಾಲದ ಡೈಆಕ್ಸೈಡ್ ನಾವು ಉಂಡದ್ದರಿಂದ ಹುಟ್ಟಿದ್ದು. ಎಳೆದ ಆಮ್ಲಜನಕ ಒಳಗೆ ನೀರಾಗುತ್ತದೆ. ದಿನಕ್ಕೊಂದು ದೊಡ್ಡ ಲೋಟದಷ್ಟು ನೀರು ನಮ್ಮ ಉಸಿರಿನಿಂದಲೇ ಮೈಯೊಳಗೆ ಹುಟ್ಟುತ್ತದೆ. ಹೊಳೆಯ ತಳದಲ್ಲಿ ನೀನು ಹಿಡಿದಿಟ್ಟ ಗಾಳಿ ಅಲ್ಲಿಯೇ ನೀರಾಗುತ್ತಿರುತ್ತದೆ ಅಪ್ಪಾ.

ನಿನ್ನೆ ಬೋಗುಣಿಯಲ್ಲಿ ತಣ್ಣೀರು ತುಂಬಿ ಮುಖ ಅದ್ದಿದೆ. ನನ್ನ ಗೆಳತಿ ಪ್ರಾಜಕ್ತಾ ನಾಡಿ ಹಿಡಿದಿದ್ದಳು. ಎಂಬತ್ತನಾಲ್ಕು ಇದ್ದದ್ದು ಅರವತ್ತಕ್ಕೆ ಇಳಿಯಿತು. ಮುಖಕ್ಕೆ ತಣ್ಣೀರು ತಾಗಿ ಉಸಿರು ನಿಂತರೆ ಹೃದಯ ತಾನಾಗಿಯೇ ನಿಧಾನವಾಗುತ್ತದೆ. ಯಾರೂ ಕಲಿಸಬೇಕಿಲ್ಲ. ಬಾತುಕೋಳಿಗೂ ಹಾಗೇ, ಹಸುಗೂಸಿಗೂ ಹಾಗೇ.

ಸರ್ ಮತ್ತೆ ಕೇಳಿದರು, ನೀನು ಮುಳುಗುವ ಮುಂಚೆ ಏನು ಮಾಡುತ್ತೀ ಎಂದು. ಬಿಡದೆ ಬರೆ.

ಚನ್ನವ್ವ ಕಾಕು ತವರಿನಲ್ಲೇ, ಸದಲಗಾದಲ್ಲೇ ಇದ್ದಾಳಲ್ಲವೇ? ಇಲ್ಲಿಂದ ಬಸ್ಸಿಗೆ ಹತ್ತಿರ. ಬಾಳು ಕಾಕಾ ಹೋಗಿ ಅವಳು ನಮ್ಮ ಮನೆ ಬಿಟ್ಟ ಮೇಲೆ ನೋಡಿಯೇ ಇಲ್ಲ. ಹೋಗಿ ಬರಲೇ?

ನೀಲಮ

*

ಸತ್ತಿ
೫ ಡಿಸೆಂಬರ್ ೨೦೦೩

ನೀಲವ್ವಾ,

ಸ್ವೆಟರ್ ತಲುಪಿತೇ? ಬಣ್ಣ ಅವ್ವನೇ ಆರಿಸಿದ್ದು.

ನೀರಿನೊಳಗೆ ಎದೆಬಡಿತ ನಿಧಾನವಾಗುವುದು ನನಗೆ ಗೊತ್ತು. ಕಿವಿಯೊಳಗೆ ಕೇಳಿಸುತ್ತದೆ. ಆಗ ಮನಸ್ಸೂ ನಿಲ್ಲುತ್ತದೆ. ನಾನು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ನಗುತ್ತಾರೆಂದು.

ನಿಮ್ಮ ಸರ್ ಅಷ್ಟು ಕೇಳಿದ್ದಕ್ಕೆ ಬರೆಯುತ್ತೇನೆ. ಇದನ್ನು ಯಾರೂ ನನಗೆ ಕಲಿಸಿದ್ದಲ್ಲ, ನಾನೇ ಕಂಡುಕೊಂಡದ್ದು. ದಂಡೆಯಲ್ಲಿ ಕುಳಿತು ಜೋರಾಗಿ, ಬೇಗ ಬೇಗ, ಎದೆ ತುಂಬ ಉಸಿರು ಎಳೆದು ಬಿಡಬೇಕು. ಇಪ್ಪತ್ತು ಸಲ. ಬೆರಳ ತುದಿ ಜುಮ್ಮೆನ್ನುತ್ತದೆ, ತುಟಿ ಮರಗಟ್ಟಿದಂತಾಗುತ್ತದೆ, ತಲೆ ಹಗುರಾಗುತ್ತದೆ. ಆಗ ಮುಳುಗಿದರೆ ಉಸಿರು ಬೇಕು ಎಂದು ಅನಿಸುವುದೇ ಇಲ್ಲ. ಇಲ್ಲವಾದರೆ ಅರ್ಧ ನಿಮಿಷಕ್ಕೇ ಎದೆ ಒದೆಯಲು ಶುರು. ಇದರಿಂದಲೇ ನಾನು ಎರಡು ನಿಮಿಷ ಇರುತ್ತೇನೆ. ಅಥಣಿ ಕಡೆಯಿಂದ ಬೇರೆ ನೀರಾವರಿ ಸಂಘದವರೂ ನನ್ನನ್ನೇ ಕರೆಯುತ್ತಾರೆ.

ನಿಮ್ಮ ಸರ್ ಏನಂದರು ಬರೆ.

ದುಂಡೇಶ

*

ನಿಪ್ಪಾಣಿ
೧೧ ಡಿಸೆಂಬರ್ ೨೦೦೩

ಅಪ್ಪಾ,

ಇದನ್ನು ಓದಿ ಮುಗಿಸುವವರೆಗೆ ನೀರಿಗೆ ಇಳಿಯಬೇಡ.

ನಿನ್ನ ಕಾಗದ ಓದಿ ಸರ್ ನನ್ನನ್ನು ಕೂರಿಸಿ ಹೇಳಿದರು. ನನಗೆ ತಿಳಿದಂತೆ ಬರೆಯುತ್ತೇನೆ.

ಎದೆ ಒದೆಯುವುದು ಆಮ್ಲಜನಕ ಕಡಿಮೆಯಾಯಿತೆಂದಲ್ಲ. ಮೈಯೊಳಗೆ ಇಂಗಾಲದ ಡೈಆಕ್ಸೈಡ್ ಹೆಚ್ಚಾಯಿತೆಂದು. ರಕ್ತದಲ್ಲಿ ಅದು ಏರಿದ ಕೂಡಲೇ ಮಿದುಳು ಉಸಿರು ಕೇಳುತ್ತದೆ. ಹುಟ್ಟಿದಂದಿನಿಂದ, ನಿದ್ದೆಯಲ್ಲೂ, ನಮ್ಮನ್ನು ಉಸಿರಾಡಿಸುತ್ತಿರುವುದು ಅದೇ. ನಾವು ಹೊರಗೆ ಚೆಲ್ಲುವ ಹೊಲಸು ಗಾಳಿ ಎಂದುಕೊಂಡದ್ದು ನಮ್ಮನ್ನು ಕಾಯುತ್ತಿರುತ್ತದೆ.

ಆದರೆ ನೀನು ಇಪ್ಪತ್ತು ಸಲ ಜೋರಾಗಿ ಉಸಿರು ಬಿಟ್ಟಾಗ ಆ ಗಾಳಿಯೆಲ್ಲ ಹೊರಗೆ ಹೋಗುತ್ತದೆ. ಆಮ್ಲಜನಕ ಮಾತ್ರ ಹೆಚ್ಚೇನೂ ಕೂಡುವುದಿಲ್ಲ, ರಕ್ತ ಮೊದಲೇ ತುಂಬಿರುತ್ತದೆ. ಕೆಳಗೆ ಆಮ್ಲಜನಕ ಮುಗಿಯುತ್ತ ಬರುತ್ತದೆ, ಆದರೆ ಉಸಿರು ಬೇಕು ಎಂದು ಹೇಳುವವರಿಲ್ಲ. ಎದೆ ಒದೆಯುವ ಮೊದಲೇ ಎಚ್ಚರ ತಪ್ಪುತ್ತದೆ. ನೋವಿಲ್ಲ, ಒದ್ದಾಟವಿಲ್ಲ, ದೀಪ ಆರಿದಂತೆ. ಮೇಲೆ ಬರುವಾಗ ಇನ್ನೂ ಅಪಾಯ, ನೀರಿನ ಒತ್ತಡ ಇಳಿದಂತೆ ಇದ್ದಬದ್ದ ಆಮ್ಲಜನಕವೂ ರಕ್ತಕ್ಕೆ ಸಿಗದಾಗುತ್ತದೆ. ಚೆನ್ನಾಗಿ ಈಜು ಬಲ್ಲವರೇ ಹೀಗೆ ಹೋಗುವುದು ಎಂದರು ಸರ್.

ಸಹಜವಾಗಿ ಒಂದೆರಡು ಉಸಿರು ತೆಗೆದುಕೊಂಡು ಮುಳುಗು. ಸೊಂಟಕ್ಕೆ ಹಗ್ಗ ಕಟ್ಟು, ಅದರ ಇನ್ನೊಂದು ತುದಿ ದಂಡೆಯಲ್ಲಿ ಒಬ್ಬರ ಕೈಯಲ್ಲಿರಲಿ. ಎದೆ ಒದ್ದ ಕೂಡಲೇ ಮೇಲೆ ಬಾ. ಕೂಡಲೇ ಉತ್ತರ ಬರೆ.

ನೀಲಮ

*

ನಿಪ್ಪಾಣಿ
೧೮ ಜನವರಿ ೨೦೦೪

ಅಪ್ಪಾ,

ನಿನ್ನಿಂದ ಕಾಗದ ಬಂದು ಆರು ವಾರ. ಫೋನಿಗೆ ಅವ್ವನೇ ಬರುತ್ತಾಳೆ. ನೀನು ಪಂಪ್‌ಮನೆಗೆ ಹೋಗಿದ್ದೀ ಎನ್ನುತ್ತಾಳೆ, ಮುಳುಗುವುದನ್ನು ಬಿಟ್ಟಿದ್ದೀ ಎನ್ನುತ್ತಾಳೆ, ಊಟ ಕಡಿಮೆ ಮಾಡಿದ್ದೀ ಎನ್ನುತ್ತಾಳೆ.

ನೀನು ಹೋಗೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಸಂಕ್ರಮಣಕ್ಕೆ ಸದಲಗಾಕ್ಕೆ ಹೋಗಿಬಂದೆ. ಕಾಕು ಹಾಲಿನ ಡೇರಿಯಲ್ಲಿ ಕೆಲಸ ಮಾಡುತ್ತಾಳೆ. ನನ್ನನ್ನು ಮೊದಲು ಗುರುತಿಸಲಿಲ್ಲ. ಗುರುತಿಸಿದ ಮೇಲೆ ಕೈ ಬಿಡಲಿಲ್ಲ. ಎಳ್ಳು ಬೆಲ್ಲ ಕೊಟ್ಟೆ. ಹನ್ನೆರಡು ವರ್ಷದಲ್ಲಿ ಸತ್ತಿಯಿಂದ ಬಂದ ಮೊದಲ ಎಳ್ಳು ಎಂದಳು.

ನಾನು ಕೇಳಲಿಲ್ಲ, ಅವಳೇ ಹೇಳಿದಳು. ಆ ದಿನ ಬೆಳಿಗ್ಗೆ ತವರಿಗೆ ಹೋಗುವ ಮಾತಿಗೆ ಜಗಳವಾಯಿತಂತೆ. ಕಾಕಾ ರೊಟ್ಟಿ ಬಿಟ್ಟು ಎದ್ದನಂತೆ. ಇವಳು ಸಿಟ್ಟಿನಲ್ಲಿ ಅಂದಳಂತೆ: "ಹೋಗು, ಹೊಳ್ಳಿ ಬರಬ್ಯಾಡ." ಮಧ್ಯಾಹ್ನಕ್ಕೆ ಹೆಣ ಬಂತು. ಅಷ್ಟು ದೊಡ್ಡ ಈಜುಗಾರ ತಾನಾಗಿ ಬಿಟ್ಟುಕೊಡದೆ ಮುಳುಗುವುದುಂಟೇ ಎಂದಿತು ಊರು. ಮುಖದ ಮೇಲೆ ಒದ್ದಾಡಿದ ಗುರುತಿಲ್ಲ, ಜೀವ ಬೇಡಾಗಿ ಹೋದವನ ಮುಖ ಎಂದರು. ಅಜ್ಜಿ ಇವಳನ್ನು ಹೊರಗೆ ಹಾಕಿದಳು.

"ನಾ ಅಂದಿದ್ದಕ್ಕ ಅವರು ಬರಲಿಲ್ಲ ನೀಲೂ," ಎಂದಳು. ಎಷ್ಟು ಸಲ ಹೇಳಿಕೊಂಡ ಮಾತೋ, ಸವೆದು ನುಣುಪಾಗಿತ್ತು.

ನನಗೆ ಗೊತ್ತಿಲ್ಲದ್ದು ಒಂದಿದೆ. ಅಪ್ಪಾ, ಆ ದಿನ ಕಾಕಾ ಮುಳುಗುವ ಮುಂಚೆ ಎಷ್ಟು ಉಸಿರು ಎಳೆದ?

ನೀಲಮ

*

ಸತ್ತಿ
೨೨ ಫೆಬ್ರವರಿ ೨೦೦೪

ನೀಲಮ,

ಮೂವತ್ತು.

ನಾನೇ ಎಣಿಸಿದೆ. ಅವನು ಯಾವಾಗಲೂ ಹತ್ತು ಎಳೆಯುತ್ತಿದ್ದ, ಹೆಚ್ಚು ಎಳೆದರೆ ತಲೆ ತಿರುಗುತ್ತದೆ ಎನ್ನುತ್ತಿದ್ದ. ಆ ದಿನ ಜೊಂಡು ದಟ್ಟವಾಗಿತ್ತು. ಮೂರು ಸಲ ಮುಳುಗಿ ಮೂರು ಸಲವೂ ಕೆಲಸ ಅರ್ಧಕ್ಕೆ ಬಿಟ್ಟು ಮೇಲೆ ಬಂದ. ದಂಡೆಯಲ್ಲಿ ರೈತರು ನಿಂತು ನೀರು ಯಾವಾಗ ಎಂದು ಕೇಳುತ್ತಿದ್ದರು. ನನಗೆ ನಾಚಿಕೆಯಾಯಿತು. ನಾನು ಅಂದೆ: "ಮೂವತ್ತು ತಗೋ. ನಾ ಎಣಸ್ತೀನಿ. ಈ ಸಲ ಮುಗಿಸೇ ಬಾ." ಅವನು ನಕ್ಕು ಎಳೆದ. ಇಪ್ಪತ್ತೈದಕ್ಕೆ ಸಾಕು ಎಂದು ಕೈ ಮಾಡಿದ. ಇನ್ನೈದು ಎಂದೆ.

ಎರಡು ನಿಮಿಷವಾಯಿತು. ಭಲೇ ಎಂದುಕೊಂಡೆ. ಮೂರಾಯಿತು. ಆಮೇಲೆ ನಾನು ಹಾರಿದೆ. ಕೆಸರಿನಲ್ಲಿ ಕೈಯಾಡಿಸಿ ಹುಡುಕಲು ಎಷ್ಟು ಹೊತ್ತಾಯಿತೋ ಗೊತ್ತಿಲ್ಲ.

ಏನಾಯಿತೆಂದು ನನಗೆ ತಿಳಿದಿರಲಿಲ್ಲ, ಅದು ದೇವರಾಣೆ ಖರೆ. ಆದರೆ ಊರವರು ಜಗಳದ ಮಾತು ಎತ್ತಿದಾಗ ನನಗೆ ಒಳಗೊಳಗೇ ಹಗುರಾಯಿತು. ನಾನು ಜೋರು ಮಾಡಿದ್ದು, ಎಣಿಸಿದ್ದು ಯಾರಿಗೂ ಹೇಳಲಿಲ್ಲ. ನಿನ್ನ ಅಜ್ಜಿ ಚನ್ನವ್ವನ ಗಂಟನ್ನು ಅಂಗಳಕ್ಕೆ ಎಸೆದಾಗ ನಾನು ಹೊಸ್ತಿಲಲ್ಲಿ ನಿಂತಿದ್ದೆ.

ನಿನ್ನ ಡಿಸೆಂಬರಿನ ಕಾಗದವನ್ನು ಪಂಪ್‌ಮನೆಯಲ್ಲಿ ಓದಿದೆ. ದೀಪ ಆರಿದಂತೆ ಎಂದು ಬರೆದಿದ್ದೆಯಲ್ಲ, ಅಲ್ಲಿಗೆ ಬಂದಾಗ ಅವನ ಮುಖ ನೆನಪಾಯಿತು. ಮಲಗಿದಂತೆಯೇ ಇತ್ತು. ನಾನು ಕಲಿಸಿದ್ದು ಉಸಿರು ಹೆಚ್ಚಿಸುವ ವಿದ್ಯೆ ಎಂದು ಇಷ್ಟು ವರ್ಷ ಮೆರೆದೆ. ಅವನ ಮೈ ಸಾಕು ಎಂದಿತ್ತು, ಅದಕ್ಕೆ ಗೊತ್ತಿತ್ತು. ನನಗೇ ಗೊತ್ತಿರಲಿಲ್ಲ.

ನಿನ್ನ ಅವ್ವನಿಗೆ ನಿನ್ನೆ ಹೇಳಿದೆ.

ದುಂಡೇಶ

*

ನಿಪ್ಪಾಣಿ
೨೭ ಫೆಬ್ರವರಿ ೨೦೦೪

ಅಪ್ಪಾ,

ಮೂರು ಸಲ ಬರೆದು ಹರಿದೆ.

ನಿನ್ನ ಮೇಲೆ ನನಗೆ ಸಿಟ್ಟಿದೆ. ಕಾಕಾನ ವಿಷಯಕ್ಕಲ್ಲ, ಅದು ನಿನಗೆ ತಿಳಿಯದೆ ಆದದ್ದು. ಹೊಸ್ತಿಲಲ್ಲಿ ನಿಂತದ್ದಕ್ಕೆ.

ಈ ವಾರ ಹೆರಿಗೆ ವಾರ್ಡಿನಲ್ಲಿದ್ದೆ. ಒಂದು ಕೂಸು ಹುಟ್ಟಿ ಅಳಲೇ ಇಲ್ಲ. ನೀಲಿಯಾಗಿತ್ತು. ಬೆನ್ನು ಉಜ್ಜಿದರು, ಬಾಯಿ ಒರೆಸಿದರು. ಎಷ್ಟು ಹೊತ್ತೋ. ಆಮೇಲೆ ಅದು ಒಮ್ಮೆ ಬಾಯಿ ತೆರೆದು ಎಳೆದುಕೊಂಡಿತು. ತುಟಿಯಿಂದ ಶುರುವಾಗಿ ಕಾಲಿನವರೆಗೆ ಕೆಂಪು ಇಳಿಯುವುದನ್ನು ನಾನು ನಿಂತು ನೋಡಿದೆ. ಒಂಬತ್ತು ತಿಂಗಳು ನೀರು ತುಂಬಿಕೊಂಡಿದ್ದ ಎದೆ ಒಂದೇ ಉಸಿರಿಗೆ ತೆರೆಯಿತು. ನನಗೆ ನಿಮ್ಮೆಲ್ಲರ ನೆನಪಾಯಿತು, ಕಾಕುವಿನದೂ.

ಅವಳಿಗೆ ನಾನು ಹೇಳುವುದಿಲ್ಲ. ಹೇಳಬೇಕಾದವನು ನೀನು. ನಿಪ್ಪಾಣಿಯಿಂದ ಸದಲಗಾಕ್ಕೆ ಬಸ್ಸು ಸಿಗುತ್ತದೆ.

ನೀಲಮ

*

ಸತ್ತಿ
೯ ಏಪ್ರಿಲ್ ೨೦೦೪

ನೀಲವ್ವಾ,

ಸದಲಗಾಕ್ಕೆ ಹೋಗಿದ್ದೆ. ನಿಪ್ಪಾಣಿಯಲ್ಲಿ ಇಳಿದೂ ನಿನ್ನ ಕಡೆ ಬರಲಿಲ್ಲ. ನಿನ್ನನ್ನು ನೋಡಿದರೆ ಮುಂದೆ ಹೋಗುವ ಧೈರ್ಯ ಉಳಿಯುತ್ತಿರಲಿಲ್ಲ.

ಡೇರಿಯ ಮುಂದೆ ನಿಂತಿದ್ದೆ. ಅವಳು ಕ್ಯಾನ್ ತೊಳೆಯುತ್ತಿದ್ದಳು, ತಲೆ ಮೇಲೆ ಸೆರಗು ಎಳೆದುಕೊಂಡು ಬಂದಳು. ನಿಂತುಕೊಂಡೇ ಎಲ್ಲ ಹೇಳಿದೆ. ಜೊಂಡು, ರೈತರು, ಮೂವತ್ತು, ಇನ್ನೈದು. ನೀನು ಬರೆದ ಪಾಠವನ್ನೂ ನನಗೆ ತಿಳಿದಷ್ಟು ಹೇಳಿದೆ. ಅವಳು ಅಳಲಿಲ್ಲ. ಕೊನೆಗೆ ಅಂದಳು: "ಹನ್ನೆರಡ ವರ್ಷ ಈ ಮಾತ ನಿಮ್ಮ ಬಾಯಾಗ ಇತ್ತೇನ್ರಿ, ಭಾವಾರ?"

ಅವಳು ಒಳಗೆ ಹೋಗಿ ಮತ್ತೆ ಕ್ಯಾನ್ ತೊಳೆಯಲು ಕುಳಿತಳು. ನೀರು ಕುಡಿ ಎನ್ನಲಿಲ್ಲ. ಅದು ಸರಿಯೇ.

ಬಸ್ ಸ್ಟ್ಯಾಂಡಿನಲ್ಲಿ ಕುಳಿತಿದ್ದೆ. ಒಂದು ಬಸ್ಸು ಹೋಯಿತು, ಹತ್ತಲಿಲ್ಲ. ಬಹಳ ಹೊತ್ತಿನ ಮೇಲೆ ನೋಡಿದರೆ ಅವಳು ಎದುರಿಗೆ ನಿಂತಿದ್ದಾಳೆ. ಕೈ ಇನ್ನೂ ಒದ್ದೆ.

"ಒಂದ ಕೇಳ್ತೀನಿ, ಖರೇ ಹೇಳ್ರಿ. ಮ್ಯಾಲ ಬರೂ ಮನಸ್ಸಿತ್ತೇನ್ರಿ ಅವರಿಗೆ?"

ನಿನ್ನ ಪಾಠದಲ್ಲಿ ಇದಕ್ಕೆ ಉತ್ತರವಿಲ್ಲ. ನಾನು ಕಣ್ಣು ಮುಚ್ಚಿ ಆ ನೀರಿಗೆ ಮತ್ತೆ ಇಳಿದೆ. ಅವನನ್ನು ತಬ್ಬಿ ಎತ್ತುವಾಗ ಏನೋ ಚೂಪಾದದ್ದು ನನ್ನ ಹೊಟ್ಟೆಗೆ ಗೀರಿತ್ತು. ಜೊಂಡು ಕೊಯ್ಯುವ ಕುಡಗೋಲು. ಕೆಲಸ ಮಾಡುವಾಗ ಅದು ಕೈಯಲ್ಲಿರುತ್ತದೆ, ಮುಗಿಸಿ ಮೇಲೆ ಹೊರಡುವಾಗಷ್ಟೇ ಸೊಂಟದ ಉಡದಾರಕ್ಕೆ ಸಿಕ್ಕಿಸಿಕೊಳ್ಳುತ್ತೇವೆ, ಎರಡೂ ಕೈ ಈಜಲು ಬೇಕಲ್ಲ. ಮರುದಿನ ಬೇರೆಯವರು ಪಂಪು ಹಾಕಿದಾಗ ಪೈಪು ತುಂಬ ನೀರು ಬಂದಿತ್ತು. ಆ ಗೀರು ಇದ್ದಾಗ ಅದರ ಅರ್ಥ ನನಗೆ ಹೊಳೆಯಲಿಲ್ಲ, ಮಾಯ್ದ ಮೇಲೆ ಗೀರನ್ನೇ ಮರೆತಿದ್ದೆ.

"ಇತ್ತವ್ವಾ," ಎಂದೆ. "ಕೆಲಸ ಮುಗಿಸಿ ಕುಡಗೋಲ ಉಡದಾರಕ್ಕ ಸಿಗಿಸಿಕೊಂಡಿದ್ದ. ಮನಿಗಿ ಹೊಂಟಿದ್ದ ಅಂವ."

ಚನ್ನವ್ವ ಅಲ್ಲಿಯೇ ಸಿಮೆಂಟ್ ನೆಲದ ಮೇಲೆ ಕುಳಿತಳು. ಆಗ ಅತ್ತಳು. ಜನ ನೋಡುತ್ತಿದ್ದರು. ನಾನೂ ಪಕ್ಕದಲ್ಲಿ ಕುಳಿತೆ.

ಯುಗಾದಿಗೆ ನಿನ್ನ ಅವ್ವ ತಾನೇ ಹೋಗಿ ಅವಳನ್ನು ಕರೆತಂದಳು. ಹಬ್ಬದ ದಿನ ಪಂಪ್‌ಮನೆಯ ಮುಂದೆ ಕೂಡಿದ್ದ ಜನರೆದುರು ಬಾಳುಗೆ ಮೂವತ್ತು ಎಣಿಸಿದವನು ನಾನು ಎಂದು ಹೇಳಿದೆ. ಕೆಲವರು ಹಳೆಯದನ್ನು ಯಾಕೆ ಕೆದಕುತ್ತೀ ಎಂದರು. ಇಬ್ಬರು ಮುದುಕಿಯರು ಎದ್ದುಬಂದು ಚನ್ನವ್ವನ ಕೈ ಹಿಡಿದರು. ಅವಳು ಹಿಡಿಸಿಕೊಂಡಳು. ಹಬ್ಬ ಮುಗಿದ ಮೇಲೂ ನಮ್ಮ ಮನೆಯಲ್ಲೇ ಇದ್ದಾಳೆ, ನನ್ನೊಡನೆ ಇನ್ನೂ ಬೇಕಾದಷ್ಟೇ ಮಾತು.

ಮೊನ್ನೆ ಜಾಳಿಗೆಗೆ ಮತ್ತೆ ಜೊಂಡು ಕಟ್ಟಿತು. ಹಗ್ಗ ಹಿಡಿಯಲು ಯಾರಿದ್ದಾರೆಂದು ಕೇಳಿದಾಗ ಅವಳೇ ದಂಡೆಗೆ ಬಂದಳು. ಸಹಜವಾಗಿ ಎರಡು ಉಸಿರು ತೆಗೆದುಕೊಂಡು ಇಳಿದೆ. ಅರ್ಧ ನಿಮಿಷವಾಗಿರಲಿಕ್ಕಿಲ್ಲ, ಎದೆ ಒದ್ದಿತು. ಮೂವತ್ತು ವರ್ಷ ಅದನ್ನು ಹತ್ತಿಕ್ಕುವುದೇ ಗಂಡಸುತನ ಎಂದುಕೊಂಡವನು ನಾನು. ಈ ಸಲ ಆ ಕತ್ತಲಲ್ಲಿ ನಿಂತು ಕೇಳಿದೆ. ಕಣಕಣವೂ ಉಸಿರಾಡುತ್ತದೆ ಎಂದು ನೀನು ಬರೆದಿದ್ದು ನಿಜ ಮಗಳೇ, ಮೈಯೆಲ್ಲ ಒಟ್ಟಿಗೆ ಕೇಳುತ್ತದೆ. ಮೇಲೆ ಬಂದು ಬಾಯಿ ತೆರೆದಾಗ ಗಾಳಿಗೆ ರುಚಿಯಿತ್ತು.

"ಇಷ್ಟ ಲಗೂ ಬಂದ್ರಿ?" ಎಂದಳು.

ಉಸಿರು ಬೇಕೆನಿಸಿತು, ಬಂದೆ ಎಂದೆ.

"ಹಂಗ ಬರಬೇಕ್ರಿ," ಎಂದು ಹಗ್ಗ ಸಡಿಲು ಬಿಟ್ಟಳು.

ಮೂರು ಮುಳುಗಿನ ಕೆಲಸಕ್ಕೆ ಒಂಬತ್ತು ಸಲ ಮುಳುಗಿದೆ. ರೈತರು ಕಾದರು.

ನಿನ್ನ ಅಪ್ಪ,
ದುಂಡೇಶ